ಆಕಾಶದ ಮೇಲೂ ತಕರಾರು

ಗಾಳಿ ಬೀಸಲಿ ಬಿಡಲಿ, ಕೊಕ್ಕೆ ಮಾವ ನಡೆಯುವುದು ಮಾತ್ರ ಬಿರುಗಾಳಿಗೆ ಎದೆಗೊಟ್ಟವರ ಹಾಗೆ: ತಲೆ ಮುಂದಕ್ಕೆ, ಕೈಗಳು ಬೆನ್ನ ಹಿಂದಕ್ಕೆ, ಗದ್ದ ದೇಹಕ್ಕಿಂತ ಒಂದು ಗೇಣು ಮೊದಲೇ ಬಾಗಿಲು ದಾಟಿ ಒಳಗಿದ್ದವರೊಡನೆ ವಾದಕ್ಕೆ ನಿಂತಿರುತ್ತದೆ. ವೃತ್ತಿಯಿಂದ ದಂತವೈದ್ಯರು, ಪ್ರವೃತ್ತಿಯಿಂದ ತಕರಾರುಗಾರರು. ಎಲ್ಲದಕ್ಕೂ ಕೊಕ್ಕೆ ಹಾಕುತ್ತಾರೆಂದು ಬಂಧುಬಳಗ ಇಟ್ಟ ಈ ಹೆಸರು ಅವರ ಕಿವಿಗೂ ಬಿದ್ದಿದೆ. ಅದಕ್ಕೂ ಅವರದೊಂದು ಆಕ್ಷೇಪವುಂಟು: ಕೊಕ್ಕೆಯೆಂಬುದು ವಸ್ತುವನ್ನು ಬೀಳದಂತೆ ಹಿಡಿದಿಡುವ ಸಾಧನ, ಅದನ್ನು ಬೈಗುಳವಾಗಿ ಬಳಸುವುದು ಭಾಷಾಜ್ಞಾನದ ದಾರಿದ್ರ್ಯ.

"ಅಲ್ಲಾ, ನಾನು ಕೇಳೋದು ಇಷ್ಟೇ" ಎಂದು ಅವರು ಶುರುಮಾಡಿದರೆಂದರೆ ಕೇಳುವುದು ಅಷ್ಟಕ್ಕೆ ಮುಗಿಯುವುದಿಲ್ಲವೆಂದೇ ಅರ್ಥ. ಬ್ಯಾಂಕಿನ ಗುಮಾಸ್ತ, ಹೋಟೆಲಿನ ಮಾಣಿ, ಪಕ್ಕದ ಮನೆಯ ನಾಯಿ, ಯಾರೂ ಈ ಪ್ರಶ್ನೆಯಿಂದ ಪಾರಾದವರಲ್ಲ. ಥ್ಯಾಂಕ್ಸ್ ಎಂಬ ಪದ ಅವರ ಬಾಯಿಂದ ಹೊರಟದ್ದನ್ನಂತೂ ಕೇಳಿದವರಿಲ್ಲ. ಏಕೆಂದು ಕೇಳಿದರೆ ಅವರ ಸಮರ್ಥನೆ ಸಿದ್ಧವಿತ್ತು: ಜೀವಮಾನವಿಡೀ ಜನರ ನೋವನ್ನು ಬೇರುಸಹಿತ ಕಿತ್ತಿದ್ದೇನೆ, ಮುಖದ ಅರ್ಧಭಾಗ ಮರಗಟ್ಟಿದವರು ಸೊಟ್ಟ ತುಟಿಯಲ್ಲಿ ಬಾಗಿಲು ಹುಡುಕಿಕೊಂಡು ಓಡಿದರೇ ಹೊರತು ನಿಂತು ಕೃತಜ್ಞತೆ ಹೇಳಿದವರಿಲ್ಲ, ಹಾಗೆಂದು ನಾನೇನು ಕೆಲಸ ಕೆಡಿಸಿದೆನೇ?

ಇಂಥವರೊಡನೆ ವಿಮಾನಯಾನ ಮಾಡುವ ಯೋಗ ಒದಗಿದ್ದು ಅವರ ಅಕ್ಕನ ಮಗಳಿಗೆ. ಆಕೆ ಗ್ರಂಥಪಾಲಕಿ, ಸದ್ದಿಲ್ಲದ ಕೋಣೆಯಲ್ಲಿ ಬದುಕು ಕಳೆದವಳು. ನನಗೆ ಈ ಸಂಗತಿಯನ್ನು ಹೇಳಿದ್ದೂ ಅವಳೇ.

ದೂರದ ಊರಿನಲ್ಲಿದ್ದ ಅವಳ ತಾಯಿಗೆ ಕರುಳು ತೊಡಕಿಕೊಂಡು ಆಸ್ಪತ್ರೆ ಸೇರಿಸಿದ್ದರು. ಆಪರೇಷನ್ನಿಗೆ ಮಧ್ಯಾಹ್ನದ ಮೇಲೆ ಕಾಯುವಂತಿಲ್ಲ ಎಂದು ವೈದ್ಯರು ಹೇಳಿದ್ದಾರೆಂದೂ, ತಮ್ಮನ ಮುಖ ನೋಡದೆ ಒಳಗೆ ಹೋಗುವುದಿಲ್ಲವೆಂದು ಅಮ್ಮ ಹಟ ಹಿಡಿದಿದ್ದಾಳೆಂದೂ ತಂದೆ ಬೆಳಿಗ್ಗೆ ಫೋನು ಮಾಡಿದರು. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ, ತಿದ್ದಿ ತೀಡಿ ಬೆಳೆಸಿದವಳು ಆ ಅಕ್ಕ. ಕೊಕ್ಕೆ ಮಾವ ಕರೀ ಕೋಟು ತೊಟ್ಟು ಹೊರಟರು.

ಆ ಕೋಟಿನ ವಿಷಯ ಹೇಳಲೇಬೇಕು. ಅದರಲ್ಲಿ ಎಷ್ಟು ಜೇಬುಗಳಿವೆಯೆಂದು ಹೊಲಿದ ದರ್ಜಿಗೂ ಮರೆತುಹೋಗಿರಬೇಕು. ವಿಮಾನನಿಲ್ದಾಣದ ತಪಾಸಣೆಯ ಕಮಾನಿನಡಿ ಅದು ಹಾದಾಗಲೆಲ್ಲ ಯಂತ್ರ ಕಿರುಚಿತು. ಒಂದು ಜೇಬಿನಿಂದ ಕೀಲಿಕೈ, ಇನ್ನೊಂದರಿಂದ ಚಿಲ್ಲರೆ, ಮತ್ತೊಂದರಿಂದ ಹಲ್ಲು ನೋಡುವ ಪುಟ್ಟ ಕನ್ನಡಿ ಹೊರಬಂದವು. ಬೆಲ್ಟು ಬಿಚ್ಚಿಸಿದ್ದರಿಂದ ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು, ಇನ್ನೊಂದು ಕೈ ಆಡಿಸುತ್ತ ನಾಗರಿಕನ ಘನತೆಯ ಬಗ್ಗೆ ಅವರು ಮಾತಾಡತೊಡಗಿದಾಗ ಹಿಂದಿನ ಸಾಲು ನಿಟ್ಟುಸಿರಿಟ್ಟಿತು. ಕನ್ನಡಿಯನ್ನು ತಿರುಗಿಸಿ ನೋಡುತ್ತಿದ್ದ ಸಿಬ್ಬಂದಿಗೆ, ನಿಮ್ಮ ಬಲದವಡೆಯ ಹಲ್ಲು ಹುಳುಕಾಗಿದೆ, ಮೊದಲು ಅದನ್ನು ತಪಾಸಣೆ ಮಾಡಿಸಿ ಎಂದು ಹೇಳಿಯೇ ಮುಂದೆ ಬಂದರು.

ಆಮೇಲೆ ಗೇಟು ಬದಲಾಯಿತು. ಇಬ್ಬರೂ ಆ ತುದಿಗೆ ಓಡಿದರು. ಅಲ್ಲಿ ತಲುಪಿದ ಮೇಲೆ ವಿಮಾನ ತಡವೆಂದು ತಿಳಿಯಿತು. ಕುರ್ಚಿಗಳಿಗಿಂತ ಜನ ಹೆಚ್ಚು, ಉತ್ತರಗಳಿಗಿಂತ ಪ್ರಶ್ನೆಗಳು ಹೆಚ್ಚು. ಕೌಂಟರಿನ ಹುಡುಗಿ ನಗುನಗುತ್ತ ಗೊತ್ತಿಲ್ಲವೆಂದಳು. ಗೊತ್ತಿಲ್ಲದಿರುವುದರಲ್ಲಿ ನಗುವಂಥದ್ದೇನಿದೆ ಎಂದು ಮಾವ ಕೇಳಿದರು. ಕೊನೆಗೆ ಒಳಗೆ ಕೂತ ಮೇಲೂ ವಿಮಾನ ನೆಲಕ್ಕೆ ಅಂಟಿಕೊಂಡೇ ಇತ್ತು. ಮುಂದಿನವನು ಸೀಟು ಹಿಂದಕ್ಕೆ ವಾಲಿಸಿ ಮಾವನ ಮೊಣಕಾಲನ್ನು ಎದೆಗೆ ತಂದಿಟ್ಟ. ಅಕ್ಕನ ಮಗಳಿಗೆ ಒಂದು ಕಡೆ ತಾಯಿಯ ಚಿಂತೆ, ಇನ್ನೊಂದು ಕಡೆ ಮಾನ ಕಳೆಯುವ ಈ ಬಾಯಿ. ಎರಡರ ನಡುವೆ ಅವಳು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದಳು.

ಅಂತೂ ವಿಮಾನ ಹಾರಿತು. ಹಾರಿ, ಮೋಡಗಳ ಮೇಲೇರಿ, ಸ್ವಲ್ಪ ಹೊತ್ತಿಗೆ ಎಡಗಿಟಕಿಯಲ್ಲಿದ್ದ ಬಿಸಿಲು ಮೆಲ್ಲಗೆ ಬಲಗಿಟಕಿಗೆ ಸರಿಯಿತು. ಮೊದಲು ಗಮನಿಸಿದವರು ಮಾವನೇ. ಎಚ್ಚರಿಕೆಯ ದೀಪವೊಂದು ಹತ್ತಿಕೊಂಡಿದೆ, ಹೊರಟಲ್ಲಿಗೇ ಹಿಂದಿರುಗುತ್ತಿದ್ದೇವೆ ಎಂದು ಚಾಲಕಿಯ ದನಿ ಹೇಳಿತು. ಒಳಗಿದ್ದವರೆಲ್ಲ ಉಸಿರು ಬಿಗಿಹಿಡಿದು ಕೂತಾಗ ಮಾವನೊಬ್ಬರ ಬಾಯಿ ಮಾತ್ರ ನಿಲ್ಲಲಿಲ್ಲ: ಸೀಟಿನ ಪಟ್ಟಿ ಸವೆದಿದೆ, ಕಿಟಕಿ ಒರೆಸಿಲ್ಲ, ದನಿವರ್ಧಕ ಗೊರಗುಟ್ಟುತ್ತದೆ. ಸಿಟ್ಟಿನಿಂದ ಅವರ ತೋಳು ಹಿಡಿದ ಅಕ್ಕನ ಮಗಳಿಗೆ ಕೋಟಿನೊಳಗಿನ ಆ ತೋಳು ನಡುಗುತ್ತಿರುವುದು ತಿಳಿಯಿತು. ಅವಳು ಕೈ ತೆಗೆಯಲಿಲ್ಲ.

ಸುರಕ್ಷಿತವಾಗಿ ಇಳಿದಾಗ ಬಾಗಿಲ ಬಳಿ ಚಾಲಕಿ ನಿಂತಿದ್ದಳು. ಎಳೆಯ ವಯಸ್ಸು, ಒಣಗಿದ ತುಟಿ, ಬೆವರಿಗೆ ಹಣೆಗಂಟಿದ ಕೂದಲು. ಮಾವ ನಿಂತರು, ಅವರ ಹಿಂದೆ ಸಾಲೆಲ್ಲ ನಿಂತಿತು. ಅಕ್ಕನ ಮಗಳು ಕಣ್ಣು ಮುಚ್ಚಿಕೊಂಡಳು.

"ಅಲ್ಲಾ, ನಾನು ಕೇಳೋದು ಇಷ್ಟೇ. ಅಲ್ಲಿ ನಮ್ಮಕ್ಕ ಆಪರೇಷನ್ನಿಗೆ ಕಾಯ್ತಿದ್ದಾಳೆ. ಆ ದೀಪ ಸುಮ್ಮಸುಮ್ಮನೆ ಹತ್ತಿದ್ದಾದ್ರೆ?"

"ಸುಮ್ಮನೇ ಇರಬಹುದು ಸಾರ್. ನನಗೆ ಗೊತ್ತಾಗಲಿಲ್ಲ" ಎಂದಳು ಚಾಲಕಿ. "ಗೊತ್ತಾಗದೆ ಇಷ್ಟು ಜನರನ್ನ ಮುಂದಕ್ಕೆ ಕರಕೊಂಡು ಹೋಗೋಕೆ ಮನಸ್ಸಾಗಲಿಲ್ಲ."

ಮಾವ ಅವಳ ಮುಖವನ್ನು, ರೋಗಿಯೊಬ್ಬನ ಬಾಯನ್ನು ನೋಡುವಷ್ಟು ಗಮನವಿಟ್ಟು, ನೋಡಿದರು. ಗದ್ದ ಒಂದು ಗೇಣು ಹಿಂದೆ ಸರಿಯಿತು. "ಮೊದಲು ನೀರು ಕುಡೀರಿ" ಎಂದು ಗದರಿದಂತೆ ಹೇಳಿ ಮೆಟ್ಟಿಲಿಳಿದುಬಿಟ್ಟರು.

ಇನ್ನೊಂದು ವಿಮಾನಕ್ಕೆ ಕಾಯುತ್ತಿದ್ದಾಗ ತಂದೆಯ ಫೋನು ಬಂತು. ಇನ್ನು ತಡೆಯಲಾಗದೆ ಅಮ್ಮನನ್ನು ಒಳಗೆ ಕರೆದುಕೊಂಡು ಹೋಗಿದ್ದರು. ಸುದ್ದಿ ಕೇಳಿದ ಮಾವ ತಲೆಯಾಡಿಸಿದರು, ಅಷ್ಟೇ. ಆ ಎರಡನೆಯ ಪಯಣದುದ್ದಕ್ಕೂ ಅವರ ಬಾಯಿಂದ ಒಂದು ತಕರಾರೂ ಹೊರಡಲಿಲ್ಲ. ಅಕ್ಕನ ಮಗಳಿಗೆ ಹಿಂದಿರುಗಿದ ವಿಮಾನ ಹುಟ್ಟಿಸದಷ್ಟು ಭಯವನ್ನು ಆ ಮೌನ ಹುಟ್ಟಿಸಿತು. ಬೆಳಗಿನಿಂದ ಯಾವ ಬಾಯಿ ಮುಚ್ಚಲೆಂದು ಹರಕೆ ಹೊತ್ತಿದ್ದಳೋ ಅದೇ ಬಾಯಿ ತೆರೆಸಲು ಅವಳು ದಾರಿ ಹುಡುಕಿದಳು.

"ಮಾವ, ನೋಡಿ, ಈ ಸೀಟಿನ ಕೈ ಹೇಗೆ ಅಲ್ಲಾಡ್ತಿದೆ."

"ಇರಲಿ ಬಿಡಮ್ಮ" ಎಂದರು ಮಾವ.

ಆಸ್ಪತ್ರೆ ತಲುಪಿದಾಗ ಸಂಜೆಯಾಗಿತ್ತು. ಆಪರೇಷನ್ ಮುಗಿದು ಅಕ್ಕ ಮಂಪರಿನಿಂದ ಆಗಷ್ಟೇ ಹೊರಬರುತ್ತಿದ್ದಳು. ಕಣ್ಣು ತೆರೆದು, ಮಂಚದ ಪಕ್ಕದಲ್ಲಿ ಮುಂದಕ್ಕೆ ಬಾಗಿ ನಿಂತ ಕರೀ ಕೋಟನ್ನು ಗುರುತಿಸಿ, "ಎಷ್ಟೊತ್ತೋ ಬರೋದು?" ಎಂದಳು.

ಅಷ್ಟೇ ಸಾಕಾಯಿತು; ಕಟ್ಟೆಯೊಡೆಯಿತು. ಬೆಲ್ಟು, ಗೇಟು, ನಗುವ ಹುಡುಗಿ, ಮೊಣಕಾಲು, ಒರೆಸದ ಕಿಟಕಿ, ಎಲ್ಲ ಒಂದೊಂದಾಗಿ ಹೊರಬಂದವು. ನರ್ಸು ತಡೆಯಲು ಬಂದಳು. ಹೇಳಲಿ ಬಿಡು ಎಂಬಂತೆ ಅಕ್ಕ ಬೆರಳೆತ್ತಿದಳು. ಕೊನೆಗೆ ಮಾವ ದನಿ ತಗ್ಗಿಸಿದರು.

"ಒಂದೇ ಒಂದು ಸರಿ ಇತ್ತಕ್ಕಾ. ವಿಮಾನ ಓಡಿಸ್ತಿದ್ದ ಹುಡುಗಿ. ತಿರುಗಿಸಿಕೊಂಡು ಬಂದಳು. ಇಲ್ಲದಿದ್ರೆ ಇಷ್ಟೆಲ್ಲ ಬೈಯೋಕೆ ನಾನು ಇರ್ತಿದ್ನೋ ಇಲ್ವೋ."

ಹೊಗಳಿಕೆ ಅತಿಯಾಯಿತೆನ್ನಿಸಿರಬೇಕು, ಇಳಿಸುವಾಗ ಮಾತ್ರ ಚೂರು ಕುಕ್ಕಿದಳು ಎಂದು ಸೇರಿಸಿದರು. ಅಕ್ಕನಿಗೆ ನಗು ಬಂತು. ಹೊಲಿಗೆ ಜಗ್ಗಿ ನೋವಾಯಿತು. ನಗಿಸಿದ್ದಕ್ಕೆ ತಮ್ಮನನ್ನು ಬೈದಳು. ಬೈಸಿಕೊಂಡು ಮಾವ ಅಲ್ಲೇ ಸ್ಟೂಲೆಳೆದು ಕೂತರು, ಅದರ ಒಂದು ಕಾಲು ಮೋಟೆಂದು ಗೊಣಗುತ್ತ.

ಮನೆಗೊಬ್ಬರಂತೆ ಇಂಥವರು ಲೋಕದ ತುಂಬ ಇದ್ದಾರೆ. ಇವರೊಡನೆ ಒಂದು ದಿನ ಕಳೆಯುವುದು ಕಷ್ಟ, ಒಂದು ಪಯಣ ಮಾಡುವುದು ಶಿಕ್ಷೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸುವುದು ಎಲ್ಲರಿಗೂ ಬರುತ್ತದೆ; ಇವರ ಮಾತಿನಲ್ಲಾದರೋ ಕಲ್ಲಿನ ರಾಶಿಯೊಳಗಿಂದ ಅಕ್ಕಿಯ ಕಾಳನ್ನು ಆರಿಸಿಕೊಳ್ಳಬೇಕು. ಅದಕ್ಕೆ ತಾಳ್ಮೆ ಬೇಕು, ಒಳ್ಳೆಯ ಬೆಳಕು ಬೇಕು, ಬಹಳ ಸಲ ಬೆನ್ನೂ ನೋಯುತ್ತದೆ. ಆದರೆ ಹಾಗೆ ಸಿಕ್ಕಿದ ಕಾಳು ಎಂದೂ ಜೊಳ್ಳಾಗಿರುವುದಿಲ್ಲ.