ಲುಲೂಜಾ ಅಜ್ಜಿಯ ಖಾಯಂ ವಿಳಾಸ

ನಮ್ಮ ಬಂಡಿಗಳ ಗಾಲಿಗಳನ್ನು ಗರಗಸದಿಂದ ಕುಯ್ದು ಎರಡು ವರ್ಷವಾಗಿತ್ತು. ಕುದುರೆಗಳನ್ನು ಸಹಕಾರಿ ಫಾರಂಗೆ ಎಳೆದುಕೊಂಡು ಹೋಗಿದ್ದರು. ಇನ್ನು ಊರೂರು ತಿರುಗಿದರೆ ಜೈಲು ಎಂದು ಕಾನೂನು ಮಾಡಿದ ಸರ್ಕಾರ, ಸ್ಲೊವಾಕಿಯಾದ ಒಂದು ಹಳ್ಳಿಯ ಅಂಚಿನಲ್ಲಿ ನಮಗೆ ಇಟ್ಟಿಗೆ ಮನೆಗಳನ್ನು ಕೊಟ್ಟಿತು. ಮೂರನೇ ನಂಬರಿನದು ನನಗೂ ನನ್ನ ಅಜ್ಜಿ ಲುಲೂಜಾಳಿಗೂ. ಅಜ್ಜಿ ಬೇಸಿಗೆಯೆಲ್ಲ ಅಂಗಳದಲ್ಲೇ ಮಲಗಿದಳು. ಚಳಿ ತಡೆಯಲಾಗದಾಗ ಮಾತ್ರ ಸರ್ಕಾರವನ್ನು ಬೈದುಕೊಂಡು ಒಳಗೆ ಬರುತ್ತಿದ್ದಳು.

ಮಾರ್ಚಿನಲ್ಲಿ ತೀರಿಕೊಂಡಳು. ನಮ್ಮ ಅಲೆಮಾರಿ ರೋಮಾ ಜನರಲ್ಲಿ ಸತ್ತವರ ಬಿಡಾರವನ್ನು ಸಾಮಾನು ಸಮೇತ ಸುಡಬೇಕು. ಇಲ್ಲದಿದ್ದರೆ ಜೀವ ಹೊರಡುವುದಿಲ್ಲ, ಇದ್ದವರ ಕನಸಿಗೆ ಬಂದು ಗೋಳಾಡುತ್ತದೆ. ನನ್ನನ್ನು ಎತ್ತಿ ಆಡಿಸಿದ ಮುದುಕಿಯನ್ನು ಹಾಗೆ ಬಿಡಲು ನನ್ನಿಂದಾಗದು. ಅವಳ ಬಂಡಿಯೋ, ಫಾರಂನ ಹಿತ್ತಲಲ್ಲಿ ಕೋಳಿಗೂಡಾಗಿತ್ತು.

ಮಣ್ಣು ಮಾಡಿದ ಮಾರನೆಯ ದಿನ ನಮ್ಮ ಉಸ್ತುವಾರಿಯ ಅಧಿಕಾರಿ ಹ್ರುಷ್ಕಾನ ಕಚೇರಿಗೆ ಹೋದೆ. ಕೋಳಿಗಳಿಗೆ ಬೇರೆ ಗೂಡು ನಾನೇ ಕಟ್ಟಿಕೊಡುತ್ತೇನೆ, ಬಂಡಿ ಕೊಡಿ ಎಂದು ಬೇಡಿದೆ. ಅವನು ನಕ್ಕ. ಮೂಢನಂಬಿಕೆಗೆ ಸರ್ಕಾರ ಸೌದೆ ಒದಗಿಸುವುದಿಲ್ಲವಂತೆ.

"ಅವಳು ಹುಟ್ಟಿದ್ದೇ ಆ ಬಂಡೀಲಿ, ಕಾಮ್ರೇಡ್ರೇ. ಅದೇ ಅವಳ ಮನೆ," ಅಂದೆ.

ಹ್ರುಷ್ಕಾ ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿದ. "ನೋಡಮ್ಮಾ, ಅವಳ ಮನೆ ಮೂರನೇ ನಂಬರು. ಬಂಡಿಗಿಂಡಿ ಅಂತ ಇಲ್ಲಿ ಎಲ್ಲೂ ಬರೆದಿಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ದನಿ ತಗ್ಗಿಸಿ, ಅದನ್ನೇ ಒಂದು ಕಾಗದದಲ್ಲಿ ಬರೆದುಕೊಡಿ ಎಂದೆ. ಇವಳು ಅಂತೂ ದಾರಿಗೆ ಬಂದಳು ಎಂದುಕೊಂಡನೋ ಏನೋ, ಖುಷಿಯಿಂದ ಬರೆದು ಮೊಹರು ಒತ್ತಿದ.

ಪಕ್ಕದ ಮನೆಯ ಬಾಂಗೋ ಮಾವ ಕೈ ಹಿಡಿದುಕೊಂಡು ಬೇಡವೆಂದ. ಪಾಪ, ಮಕ್ಕಳೊಂದಿಗ, ನಾನೇನು ಒಂಟಿ ಹೆಂಗಸು. ಅಜ್ಜಿಯ ಪುಕ್ಕದ ಗಾದಿ, ಲಂಗಗಳು, ಹೊಗೆಸೊಪ್ಪಿನ ಕೊಳವೆ ಎಲ್ಲವನ್ನೂ ನಡುಮನೆಯಲ್ಲಿ ರಾಶಿ ಹಾಕಿ, ಸೀಮೆಎಣ್ಣೆ ಸುರಿದು, ಹಾಡಹಗಲೇ ಕಡ್ಡಿ ಗೀರಿದೆ. ಇಟ್ಟಿಗೆ ಉರಿಯಲಿಲ್ಲ. ಮಾಡು, ಬಾಗಿಲು, ಕಿಟಕಿ ಚೆನ್ನಾಗಿ ಉರಿದವು.

ಹ್ರುಷ್ಕಾ ಪೊಲೀಸರನ್ನು ಕರೆದುಕೊಂಡು ಏದುಸಿರು ಬಿಡುತ್ತ ಬಂದ. "ಸರ್ಕಾರದ ಮನೆ ಸುಟ್ಟೆಯಲ್ಲೇ. ತಲೆ ನೆಟ್ಟಗಿದೆಯಾ ನಿಂಗೆ?"

ಕಾಗದ ಅವನ ಮುಂದೆ ಹಿಡಿದೆ. "ಸರ್ಕಾರದ್ದಲ್ಲ, ಸತ್ತವಳದ್ದು. ನಾನು ಹೇಳಿದ್ದಲ್ಲ, ನೀವೇ ಬರೆದಿದ್ದು."

ಎರಡು ವರ್ಷ ಶಿಕ್ಷೆಯಾಯಿತು. ಜೈಲಿನಲ್ಲಿ ದಿನಾ ಬೆಳಿಗ್ಗೆ ಎದ್ದು, ಕಂಡ ಕನಸನ್ನೆಲ್ಲ ನೆನಪಿಸಿಕೊಳ್ಳುತ್ತಿದ್ದೆ. ಕುದುರೆಗಳು ಬಂದವು, ಕೋಳಿಗಳೂ ಬಂದವು. ಅಜ್ಜಿ ಮಾತ್ರ ಒಂದು ದಿನವೂ ಬರಲಿಲ್ಲ.