ಸಂತೆಯ ಟೊಮೇಟೊ

ಇಬೋಯಾಳ ಟೊಮೇಟೊ ಬಳ್ಳಿಗಳು ನಿಂತಿದ್ದದ್ದು ಕಲ್ಲು ಕರಗಿಸಿ ಎಳೆ ತೆಗೆದ, ಹತ್ತಿಯಂಥ ದಿಂಡುಗಳ ಮೇಲೆ. ಆ ಗಾಜಿನ ಮನೆಯೊಳಗೆ ಮಣ್ಣೆಂದರೆ ಚಪ್ಪಲಿಗೆ ಅಂಟಿ ಬಂದರೂ ಗುಡಿಸಿ ಹೊರಹಾಕುವ ವಸ್ತು. ಗೊಬ್ಬರ ಕದಡಿದ ನೀರು ಸಣ್ಣ ನಳಿಗೆಗಳಿಂದ ಬೇರಿಗೆ ತೊಟ್ಟಿಕ್ಕುತ್ತಿತ್ತು. ಕುಡಿದು ಮಿಕ್ಕಿದ್ದು ತೊಟ್ಟಿಗಿಳಿದು, ಅದೇ ನೀರು ಮತ್ತೆ ಮೊದಲ ಸಾಲಿಗೆ ಬರುತ್ತಿತ್ತು. ಸೆಂಟೆಶ್ ಊರಿನ ನೆಲದಾಳದ ಬಿಸಿನೀರು ಕೊಳವೆಗಳಲ್ಲಿ ಹರಿಯುತ್ತಿದ್ದರಿಂದ ಹೊರಗೆ ಹಿಮ ಬಿದ್ದರೂ ಒಳಗೆ ಬೇಸಿಗೆಯೇ.

ಇಬೋಯಾಳ ಗಂಡ ಬರ್ನಾಬಾಶ್ ತೀರಿಕೊಂಡ ಮೇಲೆ, ಮಗನನ್ನು ಕಳೆದುಕೊಂಡ ಅತ್ತೆ ಗಿಜೆಲ್ಲಾ ಅನ್ನನೀರು ಬಿಟ್ಟು ಮಲಗಿದ್ದಳು. ಅವಳನ್ನು ಇಬೋಯಾಳೇ ಬಲವಂತದಿಂದ ಎಬ್ಬಿಸಿ ತಂದು, ಬಳ್ಳಿಗೆ ದಾರ ಸುತ್ತುವ ಕೆಲಸಕ್ಕೆ ಹಚ್ಚಿದ್ದಳು. ಮುದುಕಿ ಅದರಲ್ಲೇ ಜೀವ ಹಿಡಿದಳು. ಬಾಯಿಯೂ ಮರಳಿ ಬಂತು.

"ಮಣ್ಣಿಲ್ಲ, ಎರೆಹುಳ ಇಲ್ಲ, ಒಂದು ಕಪ್ಪೇನೂ ಇಲ್ಲ. ಇದೂ ಒಂದು ತೋಟಾನೇನೇ? ಆಸ್ಪತ್ರೆ ಕಣೇ ಇದು!"

"ಹಾಗಾದ್ರೆ ನೀವೇ ದೊಡ್ಡ ನರ್ಸಮ್ಮ. ಬೇಗ ಬೇಗ ಕಟ್ಟಿ."

ಏಪ್ರಿಲ್‌ನಲ್ಲಿ, ಗೊಂಚಲು ಜಗ್ಗುವಾಗ, ಮಧ್ಯದ ಸಾಲಿನ ಕುಡಿಗಳು ಮುರುಟಿಕೊಂಡವು. ಬಿಸಿಲಿನ ಝಳವಿರಬೇಕೆಂದುಕೊಂಡಳು ಇಬೋಯಾ. ಆಮೇಲೆ ಹಣ್ಣುಗಳ ಮೇಲೆ ಕಂದು ಕಲೆಗಳೆದ್ದವು. ಪಕ್ಕದ ಸಾಲು, ಅದರಾಚೆಯ ಸಾಲು. ನೀರು ಹೋದಲ್ಲೆಲ್ಲ ರೋಗವೂ ಹೋಯಿತು.

ತಪಾಸಣೆಗೆ ಬಂದ ಸಸ್ಯರೋಗದ ಅಧಿಕಾರಿ ವಿಲ್ಮೊಶ್ ಎಲೆಗಳನ್ನು ಚೀಲಕ್ಕೆ ಹಾಕಿಕೊಂಡು ಹೋದವನು, ಮತ್ತೆ ಬಂದಾಗ ಅವಳ ಮುಖ ನೋಡಲಿಲ್ಲ.

"ವೈರಸ್ಸು. ಔಷಧಿ ಇಲ್ಲ ತಾಯಿ. ಒಂದು ಗಿಡಾನೂ ಉಳಿಸೋ ಹಾಗಿಲ್ಲ." ಆಮೇಲೆ ಕೇಳಿದ: "ಕೈಯಿಂದಾನೂ ಹರಡುತ್ತೆ ಇದು. ಹೊರಗಿನ ಟೊಮೇಟೊ ಯಾರಾದ್ರೂ ಒಳಗೆ ತಂದಿದ್ರಾ?"

"ಇಲ್ಲಿಗೆ ಟೊಮೇಟೊ ಯಾರು ತರ್ತಾರೆ?" ಎಂದಳು ಇಬೋಯಾ.

"ನಾನು ತಂದಿದ್ದೆ," ಎಂದಳು ಗಿಜೆಲ್ಲಾ. "ಮಧ್ಯಾಹ್ನ ಬ್ರೆಡ್ಡಿಗೆ ನಂಚ್ಕೊಳ್ಳೋಕೆ. ಸಂತೇಲಿ ಒಡೆದಿರೋವನ್ನ ಅಗ್ಗಕ್ಕೆ ಕೊಡ್ತಾರಲ್ಲಪ್ಪ, ಅವು."

ವಿಲ್ಮೊಶ್ ಸುತ್ತ ತೂಗುತ್ತಿದ್ದ ಗೊಂಚಲುಗಳನ್ನು ನೋಡಿದ. "ಇಷ್ಟೆಲ್ಲ ಇರೋವಾಗ ಸಂತೇದು ಯಾಕಜ್ಜಿ?"

"ಇವು ಮಾರೋವಲ್ವಾ? ಪಾಪ, ಒಬ್ಬಳೇ ದುಡೀತಾಳೆ. ನಾನು ಕಿತ್ಕೊಂಡು ತಿಂದ್ರೆ ಆಗುತ್ತಾ?"

"ಅದರಿಂದಲೇ ಅಂತ ಹೇಳೋಕಾಗಲ್ಲ," ಎಂದು ವಿಲ್ಮೊಶ್ ತೇಲಿಸಿದ. "ಬೀಜದಲ್ಲೇ ಬಂದಿರಬಹುದು. ಯಾರಿಗೂ ಗೊತ್ತಾಗಲ್ಲ."

ಗಿಜೆಲ್ಲಾ ಸೊಸೆಯನ್ನೇ ನೋಡುತ್ತಿದ್ದಳು. ನಿಮ್ಮಿಂದಲ್ಲ ಎಂಬ ಒಂದೇ ಒಂದು ಮಾತು ಸಾಕಿತ್ತು. ಇಬೋಯಾಳ ಕಣ್ಣಿಗೆ ಕಟ್ಟಿದ್ದು ಮಾತ್ರ ರಸ ಹತ್ತಿದ ಆ ಬೆರಳುಗಳು, ಅವು ಮಡಿಲಿಗೆ ಒರೆಸಿಕೊಂಡು ಅಕ್ಕರೆಯಿಂದ ಬಳ್ಳಿ ಬಳ್ಳಿಯನ್ನೂ ಸವರಿಕೊಂಡು ಹೋದದ್ದು.

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ?" ಎಂದುಬಿಟ್ಟಳು.

ಮುದುಕಿ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಮಡಿಸಿ ಜೇಬಿಗಿಟ್ಟುಕೊಂಡು ಹೊರಟಳು.

ಬಳ್ಳಿಗಳನ್ನು ಬುಡಕ್ಕೆ ಕತ್ತರಿಸಿ, ಹಣ್ಣುಸಮೇತ ಚೀಲಗಳಿಗೆ ತುಂಬಿ ಸುಡಲು ಒಯ್ದರು. ದಿಂಡುಗಳೂ ಹೋದವು. ಇನ್ನೊಮ್ಮೆ ಹೊಸದಾಗಿ ಹೂಡುವ ಶಕ್ತಿ ಇಬೋಯಾಳಲ್ಲಿರಲಿಲ್ಲ. ಗಾಜಿನ ಮನೆ ಬೇರೆಯವರ ಪಾಲಾಯಿತು. ಅವಳು ಯಾರದೋ ಶೆಡ್ಡಿನಲ್ಲಿ ಮೆಣಸಿನಕಾಯಿ ವಿಂಗಡಿಸುವ ಕೆಲಸ ಹಿಡಿದಳು.

ಬೇಸಿಗೆ ಮುಗಿಯುವ ಹೊತ್ತಿಗೆ ಗಟ್ಟಿ ಮನಸ್ಸು ಮಾಡಿ ಅತ್ತೆಯ ಮನೆಗೆ ಹೋದಳು. ಗಿಜೆಲ್ಲಾ ಬಾಗಿಲು ತೆರೆದು, ಅಡುಗೆಮನೆಗಲ್ಲ, ನೆಂಟರನ್ನು ಕೂರಿಸುವ ಕೋಣೆಗೆ ಕರೆದಳು.

"ಕೂತ್ಕೊಳ್ಳಿ. ಕಾಫಿ ತಗೋತೀರಾ?"

"ಇದೇನಮ್ಮಾ, ನನಗೆ ಬಹುವಚನ?"

"ಸಕ್ಕರೆ ಎಷ್ಟು ಹಾಕಲಿ?"

ಸೊಸೆ ಕುಡಿಯುವ ಕಾಫಿಗೆ ಸಕ್ಕರೆ ಎಷ್ಟೆಂದು ಅವಳಿಗೆ ಗೊತ್ತಿರದೆ ಇಲ್ಲ. "ಅಮ್ಮಾ, ಅದು ಬೀಜದಿಂದಲೇ ಬಂದಿದ್ದಂತೆ. ವಿಲ್ಮೊಶ್ ಹೇಳಿದ," ಎಂದು ಇಬೋಯಾ ಸುಳ್ಳು ಹೇಳಿದಳು.

"ಹಾಗಾ," ಎಂದಳು ಗಿಜೆಲ್ಲಾ. "ಒಳ್ಳೇದಾಯ್ತು ಬಿಡಿ."

ಕಾಫಿ ಮುಗಿಯುವವರೆಗೆ ಎದುರಿಗೆ ಕೂತು, ಕೆಲಸ ಹೇಗಿದೆ, ಬಸ್ಸು ಸಿಗುತ್ತದೆಯೇ ಎಂದು ವಿಚಾರಿಸಿದಳು. ಹೊರಡುವಾಗ ಬಾಗಿಲವರೆಗೂ ಬಂದು, "ಬಂದಿದ್ದು ಸಂತೋಷ," ಎಂದಳು. ಇಬೋಯಾ ಮೆಟ್ಟಿಲಿಳಿಯುವ ಮೊದಲೇ ಒಳಗಿನಿಂದ ಚಿಲಕ ಬಿತ್ತು.