ಸುತ್ತುವ ಮೇಜಿನ ಹೋಟೆಲು

ಒಂದು ಚೈನೀಸ್ ಹೋಟೆಲು ಆರಿಸುವುದಕ್ಕೆ ಜೀವ ಬಾಯಿಗೆ ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ ಅವಳು ನಕ್ಕುಬಿಡುತ್ತಿದ್ದಳು. ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷಿಸುವುದು ಅವಳ ಕೆಲಸ. ದಿನವಿಡೀ ಗಾಜು ಬದಲಿಸುತ್ತಾ "ಇದು ಸ್ಪಷ್ಟವಾ, ಅದಾ?" ಎಂದು ಕೇಳಿ ಕೇಳಿ, ಜನ ಎಷ್ಟು ಸಲೀಸಾಗಿ ತಪ್ಪನ್ನೇ ಆರಿಸುತ್ತಾರೆಂದು ಅವಳಿಗೆ ಗೊತ್ತಾಗಿತ್ತು. ಹಾಗಾಗಿ ಈ ಕೆಲಸವನ್ನು ಬೇರೆಯವರಿಗೆ ವಹಿಸುವ ಮಾತೇ ಇರಲಿಲ್ಲ.

ಸೋಮವಾರ ಅಮ್ಮನಿಗೆ ಹೃದಯದ ಆಪರೇಷನ್. ಅಮ್ಮ ಮಾತ್ರ ಪಟ್ಟು ಹಿಡಿದು ಕೂತಿದ್ದಳು.

"ನಿನ್ನ ಅಣ್ಣ, ನಿನ್ನ ತಮ್ಮ, ಇಬ್ಬರೂ ನನ್ನೆದುರಿಗೆ ಒಬ್ಬರಿಗೊಬ್ಬರು ಒಂದು ಮಾತಾಡಲಿ. ಆಮೇಲೆ ಎಲ್ಲಿ ಬೇಕಾದ್ರೂ ಕೊಯ್ಸ್ಕೋತೀನಿ. ಇಲ್ದಿದ್ರೆ ನಾನು ಆ ಮಂಚ ಹತ್ತಲ್ಲ."

"ತಡ ಮಾಡಬೇಡಿ ಅಂತ ಡಾಕ್ಟರು ಹೇಳಿದಾರಮ್ಮ."

"ನಾನೆಲ್ಲಿ ತಡ ಮಾಡ್ತಿದೀನಿ? ಅವರನ್ನ ಕೇಳು ಹೋಗು."

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎನ್ನುವ ಗಾದೆ ಆಸ್ತಿ ಇದ್ದವರಿಗೆ. ಇವರಿಬ್ಬರಿಗೆ ಹಂಚಿಕೊಳ್ಳಲು ಒಂದು ಮೋಟುಗೋಡೆಯೂ ಇರಲಿಲ್ಲ. ಇದ್ದದ್ದು ಒಂದು ಸಹಿ. ಅಪ್ಪನಿಗೆ ಆಪರೇಷನ್ ಆಗಲೇಬೇಕು ಎಂದಾಗ, ಇನ್ನೊಬ್ಬ ಡಾಕ್ಟರನ್ನು ಕೇಳಿಬರುತ್ತೇನೆ, ಅಲ್ಲಿಯವರೆಗೆ ಕಾಯಿರಿ ಎಂದು ತಮ್ಮ ಓಡಿದ್ದ. ಕಾಯಲು ಸಮಯವಿಲ್ಲ ಎಂದರು ಆಸ್ಪತ್ರೆಯವರು. ಅಣ್ಣ ಸಹಿ ಹಾಕಿದ. ತಮ್ಮ ಮರಳುವಷ್ಟರಲ್ಲಿ ಅಪ್ಪ ಇರಲಿಲ್ಲ. "ನೀನೇ ಕೊಂದೆ" ಎಂದುಬಿಟ್ಟ ತಮ್ಮ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಇಬ್ಬರೂ ಮಾತು ಬಿಟ್ಟರು. ಅಣ್ಣ ಲಿಫ್ಟ್ ರಿಪೇರಿ ಮಾಡುವವನು, ತಮ್ಮ ಶಾಲೆಯಲ್ಲಿ ಚಿತ್ರ ಬಿಡಿಸಲು ಕಲಿಸುವವನು. ಹೊರಗಿನವರ ಜೊತೆ ಇಬ್ಬರೂ ಬಾಯಿಬಡುಕರೇ.

ಹೋದ ತಿಂಗಳು ಅವಳು ಇಬ್ಬರನ್ನೂ ತನ್ನ ಮನೆಗೇ ಊಟಕ್ಕೆ ಕರೆದಿದ್ದಳು. ಎಲ್ಲ ಕೆಟ್ಟದ್ದು ಉಪ್ಪಿನಿಂದ.

"ಅಕ್ಕ, ಉಪ್ಪು ಅವನ ಹತ್ರ ಇದೆ, ಈ ಕಡೆ ಕೊಡೋಕೆ ಹೇಳು" ಎಂದ ತಮ್ಮ.

"ಕೈ ಇಲ್ವಂತಾ ಕೇಳು" ಎಂದ ಅಣ್ಣ, ತಟ್ಟೆಯಿಂದ ತಲೆ ಎತ್ತದೆ.

"ಇದೆ. ಕಂಡ ಕಂಡಲ್ಲಿ ಸಹಿ ಹಾಕೋ ಕೈ ಅಲ್ಲ ಅಂತ ಹೇಳು."

ಅಣ್ಣ ಅರ್ಧ ಊಟಕ್ಕೇ ಎದ್ದು ಹೋದ. ಅವತ್ತು ಪಾತ್ರೆ ತೊಳೆಯುತ್ತಾ ಅವಳು ಒಂದು ಸಿದ್ಧಾಂತಕ್ಕೆ ಬಂದಳು: ಅದು ಕೊಡು ಇದು ಕೊಡು ಎಂದು ಕೇಳುವ ಪ್ರಸಂಗವೇ ಬರಬಾರದು. ಕೇಳುವುದು ತಮ್ಮನಿಗೆ ಅವಮಾನ, ಕೇಳಿಸಿಕೊಳ್ಳುವುದು ಅಣ್ಣನಿಗೆ ಅವಮಾನ. ಅದೊಂದನ್ನು ತಪ್ಪಿಸಿದರೆ ಉಳಿದದ್ದು ತಾನಾಗಿ ಸರಿಹೋಗುತ್ತದೆ.

ಆಗ ನೆನಪಾದದ್ದು ಸುತ್ತುವ ಮೇಜು. ಚಿಕ್ಕಂದಿನಲ್ಲಿ ಅಪ್ಪ ಒಮ್ಮೆ ಎಲ್ಲರನ್ನೂ ಚೈನೀಸ್ ಹೋಟೆಲಿಗೆ ಕರೆದೊಯ್ದಿದ್ದ. ದುಂಡು ಮೇಜಿನ ನಡುವೆ ದೊಡ್ಡದೊಂದು ಗಾಜಿನ ತಟ್ಟೆ, ಅದರ ಮೇಲೆ ಎಲ್ಲ ಬಟ್ಟಲು. ಬೆರಳಲ್ಲಿ ತಳ್ಳಿದರೆ ಬೇಕಾದ್ದು ಎದುರಿಗೇ ಬಂದು ನಿಲ್ಲುತ್ತದೆ. ನಾನು ತಿರುಗಿಸ್ತೀನಿ, ನಾನು ತಿರುಗಿಸ್ತೀನಿ ಎಂದು ಗಂಡುಮಕ್ಕಳಿಬ್ಬರೂ ಕಿತ್ತಾಡಿ ಸೂಪು ಚೆಲ್ಲಿ, ಅಪ್ಪನಿಂದ ಒಂದೊಂದು ಪೆಟ್ಟು ತಿಂದಿದ್ದರು. ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. ಆ ಹೋಟೆಲು ಈಗ ಚಪ್ಪಲಿ ಅಂಗಡಿ.

ಊರು ದೊಡ್ಡದು, ಚೈನೀಸ್ ಎಂದು ಬೋರ್ಡು ಹಾಕಿಕೊಂಡ ಹೋಟೆಲುಗಳಿಗೆ ಬರವಿಲ್ಲ. ಕೆಲಸ ಮುಗಿಸಿ ದಿನಕ್ಕೊಂದು ಹೊಕ್ಕು ಬಂದಳು. ಮೊದಲನೆಯದರಲ್ಲಿ ಹಾಡಿನ ಅಬ್ಬರ. ಅಮ್ಮನ ಕಿವಿ ಮೊದಲೇ ಮಂದ, ಮಕ್ಕಳು ಮಾತಾಡಿದರೂ ಕೇಳಿಸದಿದ್ದರೆ ಏನು ಬಂತು? ಎರಡನೆಯದರ ಬಾಗಿಲಲ್ಲೇ ಕಾದು ಕಾದು ಕಪ್ಪಾದ ಎಣ್ಣೆಯ ವಾಸನೆ. ಮೆನು ನೋಡಿದರೆ ಪಂಚಾಂಗದಷ್ಟು ದಪ್ಪ. ಎಲ್ಲವನ್ನೂ ಮಾಡುತ್ತೇನೆನ್ನುವ ಅಡುಗೆಯವನು ಒಂದನ್ನೂ ನೆಟ್ಟಗೆ ಮಾಡಲಾರ ಎಂದು ಎದ್ದು ಬಂದಳು. ಮೂರನೆಯದರಲ್ಲಿ ಸೂಪು ಅಮೃತ, ಮೇಜು ಮಾತ್ರ ಚೌಕ.

"ಮೇಜು ತಿರುಗಲ್ಲ ಮೇಡಂ" ಎಂದ ಮ್ಯಾನೇಜರು. "ಬೇಕಾದ್ರೆ ನಮ್ಮ ವೇಟರು ತಿರುಗ್ತಾನೆ."

ಅವಳಿಗೆ ನಗು ಬರಲಿಲ್ಲ. ರಾತ್ರಿ ಅಮ್ಮ ದಿಂಬಿಗೆ ಒರಗಿ ಕೂತು ಉಸಿರು ಎಳೆದುಕೊಳ್ಳುವ ಸದ್ದು ಪಕ್ಕದ ಕೋಣೆಗೂ ಕೇಳುತ್ತಿತ್ತು.

ಕೊನೆಗೆ ಸಿಕ್ಕಿದ್ದು ಬಟ್ಟೆ ಅಂಗಡಿಗಳ ಹಿಂದಿನ ಸಂದಿಯಲ್ಲಿ, ಇಕ್ಕಟ್ಟಿನ ಮೆಟ್ಟಿಲ ಮೇಲೆ. ಅಡುಗೆಯವರೇ ಮೂಲೆಯಲ್ಲಿ ಕೂತು, ಗಿರಾಕಿಗಳಿಗೆ ಬಡಿಸುವ ಅದೇ ಪಾತ್ರೆಯಿಂದ ನೂಡಲ್ಸು ಹಾಕಿಕೊಂಡು ಉಣ್ಣುತ್ತಿದ್ದರು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾವುದು? ಹಾಡಿನ ಗಲಾಟೆಯಿಲ್ಲ, ಕಿಟಕಿಗೆ ದಪ್ಪ ಪರದೆ. ದುಂಡು ಮೇಜಿನ ಮೇಲಿನ ಗಾಜಿನ ತಟ್ಟೆ ಕಿರುಬೆರಳು ತಾಗಿಸಿದರೂ ಸದ್ದಿಲ್ಲದೆ ಸುತ್ತಿತು. ಅವಳಿಗೆ ಅಲ್ಲೇ ಅಳು ಬಂತು.

ಭಾನುವಾರ ಮಧ್ಯಾಹ್ನ ನಾಲ್ವರೂ ಕೂತರು. ಅಮ್ಮನ ಎದುರಿಗೆ ಅವಳು, ಆ ಕಡೆ ಅಣ್ಣ, ಈ ಕಡೆ ತಮ್ಮ. ಊಟದ ಬಗ್ಗೆ ಎರಡು ಮಾತಿಲ್ಲ. ಸೂಪಿನ ಖಾರಕ್ಕೆ ಮೂಗು ಸೋರಿತು, ನೂಡಲ್ಸು ಎಳೆ ಎಳೆಯಾಗಿತ್ತು, ಅಣಬೆ ಬಾಯಲ್ಲಿಟ್ಟರೆ ಕರಗುತ್ತಿತ್ತು. ಅಣ್ಣನಿಗೆ ಅನ್ನ ಬೇಕಾದಾಗ ಗಾಜಿನ ತಟ್ಟೆ ತಳ್ಳಿದ, ಅನ್ನ ಬಂತು. ತಮ್ಮನಿಗೆ ಅಣಬೆ ಬೇಕಾದಾಗ ತಳ್ಳಿದ, ಅಣಬೆ ಬಂತು. ಒಬ್ಬ ತಳ್ಳುವಾಗ ಇನ್ನೊಬ್ಬ ಕೈ ಹಿಂದೆಗೆದುಕೊಂಡ. ಉಪ್ಪೂ ಸುತ್ತಿತು, ವಿನೆಗರೂ ಸುತ್ತಿತು. ಎಲ್ಲರಿಗೂ ಎಲ್ಲವೂ ಸಿಕ್ಕಿತು. ಯಾರೂ ಬಾಯಿ ಬಿಡಲಿಲ್ಲ, ತುತ್ತಿಗೆ ಬಿಟ್ಟರೆ.

ಕಣ್ಣೆದುರಿಗೇ ಊಟ ಮುಗಿಯುತ್ತಾ ಬಂದಾಗ ಅವಳಿಗೆ ತಾನು ಮಾಡಿಕೊಂಡ ಎಡವಟ್ಟು ಹೊಳೆಯಿತು. ಮಾತೇ ಬೇಡವಾದ ಮೇಜನ್ನು ಊರೆಲ್ಲ ಹುಡುಕಿ ತಂದಿದ್ದಳು. ಅದೂ ಎಂಥ ನಿಶ್ಶಬ್ದದ ಜಾಗ! ಮಂದ ಕಿವಿಯ ಅಮ್ಮನಿಗೂ ಮಕ್ಕಳ ಮೌನ ಚೆನ್ನಾಗಿ ಕೇಳಿಸುತ್ತಿತ್ತು.

ಅಣ್ಣ ಮತ್ತೆ ತಟ್ಟೆ ತಳ್ಳಿದ. ಅದು ಅಲ್ಲಾಡಲಿಲ್ಲ. ಆ ಬದಿಯಲ್ಲಿ ಅಮ್ಮ ಎರಡೂ ಕೈಯಿಂದ ಅಂಚನ್ನು ಹಿಡಿದುಕೊಂಡಿದ್ದಳು.

"ಅಮ್ಮ, ಕೈ ತೆಗಿ."

"ತೆಗೆಯಲ್ಲ. ಏನು ಬೇಕೋ ಬಾಯಿಬಿಟ್ಟು ಕೇಳು. ನನ್ನನ್ನಲ್ಲ, ಅವಳನ್ನೂ ಅಲ್ಲ."

ಸೂಪಿನ ಹಬೆ ನಿಂತುಹೋಯಿತು. ತಮ್ಮ ತಟ್ಟೆಯ ಅಂಚನ್ನೇ ನೋಡುತ್ತಿದ್ದ. ಅಮ್ಮನ ಬೆರಳುಗಳು ಬಿಳಿಚಿಕೊಂಡಿದ್ದವು, ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

"ಹೇಳೋ, ಏನು ಬೇಕು ನಿನಗೆ?"

ಅಣ್ಣ ತಮ್ಮನ ಕಡೆ ತಿರುಗಿದ.

"ಈ ಸಲ ಸಹಿ ನೀನು ಹಾಕು."

ತಮ್ಮ ಚಮಚ ಕೆಳಗಿಟ್ಟ. "ನನ್ನ ಕೈಲಿ ಆಗಲ್ಲ ಅಣ್ಣ."

"ನನ್ನ ಕೈಲೂ ಆಗಲ್ಲ ಕಣೋ. ಅವತ್ತಿನಿಂದ ಪೆನ್ನು ಹಿಡಿದ್ರೆ ಕೈ ನಡುಗುತ್ತೆ. ನಮ್ಮ ಆಫೀಸಿಗೆ ಹೆಬ್ಬೆಟ್ಟಿನ ಮಷೀನು ಬಂತು ನೋಡು, ಬದುಕಿಕೊಂಡೆ."

ತಮ್ಮ ಮುಖ ಮುಚ್ಚಿಕೊಂಡ. "ನಾನು ಅವತ್ತು ಹಾಗೆ ಅನ್ನಬಾರದಿತ್ತು" ಎಂದ. ಆಮೇಲೆ, "ಇಬ್ಬರೂ ಹಾಕೋಣ" ಎಂದ.

"ಅಲ್ಲಿ ಒಬ್ಬರಿಗೇ ಜಾಗ ಇರೋದು."

ಅಮ್ಮ ಗಾಜಿನ ಮೇಲಿಂದ ಕೈ ತೆಗೆದಳು. "ಕೇಳಿಸ್ತು" ಎಂದಳು. "ಎಲ್ಲಾ ಕೇಳಿಸ್ತು. ನಾಳೆ ಹೋಗೋಣ." ಕಣ್ಣೊರೆಸಿಕೊಂಡ ಅವಳ ಮುಖ ಎಷ್ಟೋ ದಿನಗಳ ಮೇಲೆ ಹಗುರಾಗಿತ್ತು.

ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಇಬ್ಬರೂ ಅಮ್ಮನ ಎದುರಿಗೆ ಕೂತಿದ್ದ ಅವಳ ಕಡೆ ತಿರುಗಿದರು.

"ನೀನೇ ಹಾಕ್ಬಿಡೇ" ಎಂದ ಅಣ್ಣ. "ಏನೇ ಆದ್ರೂ ನೀನು ಅಳೆದೂ ತೂಗಿ ಆರಿಸ್ತೀಯ. ಈ ಹೋಟ್ಲನ್ನೇ ನೋಡು."

"ಹೌದಕ್ಕ" ಎಂದ ತಮ್ಮ. "ಅಣ್ಣ ಹೇಳೋದು ಸರಿ."

ಅಪ್ಪನ ಹೊತ್ತಿನಲ್ಲಿ ಅವಳು ಆಸ್ಪತ್ರೆಯ ಕಾರಿಡಾರಿನಲ್ಲಿ ಫ್ಲಾಸ್ಕು ಹಿಡಿದು ನಿಂತಿದ್ದಳು. ನೀನೇನಂತೀಯ ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ಹೆಣ್ಣುಮಗಳೆಂದು ಲೆಕ್ಕಕ್ಕಿಡಲಿಲ್ಲವಲ್ಲ ಎಂದು ಆಗ ಸಂಕಟವಾಗಿತ್ತು. ಆದರೆ ಯಾರೂ ಕೇಳದಿದ್ದರಿಂದಲೇ ಇಷ್ಟು ವರ್ಷ ಇಬ್ಬರ ನಡುವೆಯೂ ಒಳ್ಳೆಯವಳಾಗಿ ಓಡಾಡಿಕೊಂಡಿದ್ದಳು, ಅದು ಈಗ ತಿಳಿಯಿತು. ನಾಳೆ ಹೆಚ್ಚುಕಡಿಮೆಯಾದರೆ 'ನೀನೇ ಕೊಂದೆ' ಎನ್ನುವ ಆ ಮಾತು ತನ್ನ ಮೇಲೆ ಬೀಳುತ್ತದೆ. ಈ ಸಲ ಅದನ್ನು ಆಡುವವರು ಇಬ್ಬರು, ಮತ್ತು ಇಬ್ಬರೂ ಒಂದಾಗಿರುತ್ತಾರೆ. ಅವಳಿಗೆ ಭಯವಾಯಿತು.

"ಆಯ್ತು" ಎಂದಳು.

ಅಮ್ಮ ಸಣ್ಣ ಹುಡುಗಿಯಂತೆ ನಗುತ್ತಾ ಬೆರಳಲ್ಲಿ ತಟ್ಟೆ ತಿರುಗಿಸಿದಳು. ನೂಡಲ್ಸಿನ ಬಟ್ಟಲು ಬಂದು ಮಗಳೆದುರು ನಿಂತಿತು. "ತಗೋ, ನೀನು ಏನೂ ತಿಂದೇ ಇಲ್ಲ."

ಪಕ್ಕದಲ್ಲಿ ಕೊನೆಯ ಅಣಬೆ ಯಾರಿಗೆಂದು ಅಣ್ಣತಮ್ಮಂದಿರು ಚೌಕಾಸಿ ಶುರುಮಾಡಿದ್ದರು. ಅವಳು ಮೇಜಿನ ಕೆಳಗೆ ಬಲಗೈಯನ್ನು ಎಡಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡು, "ಸೂಪು ಆರಿಹೋಗಿದೆ, ಬಿಸಿ ಮಾಡಿಸ್ಲಾ ಅಮ್ಮ?" ಎಂದು ಕೇಳಿದಳು.